2000ದ ಎಸ್ಟೀಮ್, ಚೆಕ್ ಲೈಟ್ ಆರ್ತಾನೇ ಇಲ್ಲ: ಕೈಗೆಟುಕೋ ಸ್ಕ್ಯಾನರ್ ಯಾವುದಿದೆ?

ತುಮಕೂರು_ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ಅಪ್ಪ 2000ದಲ್ಲಿ ಶೋರೂಮಿಂದ ತಂದ ಮಾರುತಿ ಎಸ್ಟೀಮ್ ವಿಎಕ್ಸ್ಐ ಈಗ ನನ್ನ ಕೈಲಿದೆ. 1,42,000 ಕಿ.ಮೀ. ಓಡಿದೆ. ಬಾಡಿಯಲ್ಲಿ ಒಂದು ಚುಕ್ಕೆ ತುಕ್ಕಿಲ್ಲ, ಎಂಜಿನ್ ಒಂದು ಸಲಾನೂ ಬಿಚ್ಚಿಲ್ಲ.

ನಾಲ್ಕು ತಿಂಗಳಿಂದ ಚೆಕ್ ಎಂಜಿನ್ ಲೈಟ್ ಉರೀತಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಬಿಸಿ ಆದ ಮೇಲೆ ಐಡ್ಲಿಂಗ್ ಏರುತ್ತೆ, ಇಳಿಯುತ್ತೆ. ಸೈಲೆನ್ಸರ್ ಹತ್ರ ನಿಂತ್ರೆ ಪೆಟ್ರೋಲ್ ವಾಸನೆ ಕಣ್ಣಿಗೆ ಹತ್ತುತ್ತೆ. ಲೀಟರಿಗೆ 14 ಕೊಡ್ತಿದ್ದ ಗಾಡಿ 9ಕ್ಕೆ ಬಂದಿದೆ.

ಒಂದು ಗ್ಯಾರೇಜಲ್ಲಿ ವಾಸನೆ ನೋಡಿನೇ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ರು, 4,800 ರೂಪಾಯಿ. ಮೂರು ದಿನಕ್ಕೆ ಲೈಟ್ ವಾಪಸ್ ಬಂತು. ಈಗ ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ, ಹಳೇದೊಂದು ಹುಡುಕೋಣ ಅಂತಿದ್ದಾರೆ. ನನಗೆ ನಂಬಿಕೆ ಬರ್ತಿಲ್ಲ. 450 ರೂಪಾಯಿ ಕೊಟ್ಟು ಇಎಲ್‌ಎಂ327 ಅನ್ನೋ, ಕಾರಿನ ಕೋಡ್ ಓದಿ ಫೋನಿಗೆ ಕಳಿಸೋ ಬ್ಲೂಟೂತ್ ಅಡಾಪ್ಟರ್ ತರಿಸಿದೆ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸರಿಯಾಗಿ ಕೂತ್ಕೊಳ್ಳುತ್ತೆ, ಅದರ ಕೆಂಪು ದೀಪಾನೂ ಹತ್ತುತ್ತೆ. ಆದ್ರೆ ಆ್ಯಪ್ ಮಾತ್ರ ಕಾರಿನ ಜೊತೆ ಸಂಪರ್ಕ ಆಗ್ತಿಲ್ಲ ಅನ್ನುತ್ತೆ. ಅಣ್ಣನ ಮಗನ 2016ರ ಸ್ವಿಫ್ಟ್‌ಗೆ ಹಾಕಿದ್ರೆ ತಕ್ಷಣ ಎಲ್ಲ ತೋರಿಸ್ತು.

ಗ್ಯಾರೇಜಿನವರು ಇಟ್ಕೊಳ್ಳೋ ಸ್ಕ್ಯಾನರ್ ಬೆಲೆ ಕೇಳಿದ್ರೆ 60,000 ಅಂದ್ರು. ಅಷ್ಟು ನನ್ನಿಂದ ಆಗಲ್ಲ. ಆ ಕಾಲದ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರೋ) ಗಾಡಿ ಓದೋಕೆ ಕಡಿಮೆ ದುಡ್ಡಲ್ಲಿ ಏನಿದೆ? ಬಳಸಿದೋರು ದಯವಿಟ್ಟು ಹೇಳಿ.

ಬಸವನಗುಡಿ_ಬೋರ್ಡ್

ನಿಮ್ಮ ಇಎಲ್‌ಎಂ ಕೆಟ್ಟಿಲ್ಲ ಸರ್, ಕಾರೂ ಮೂಕ ಆಗಿಲ್ಲ. ಎರಡೂ ಬೇರೆ ಬೇರೆ ಭಾಷೆ ಮಾತಾಡ್ತಿವೆ ಅಷ್ಟೆ.

16 ಪಿನ್ ಸಾಕೆಟ್ ಕಂಡ ತಕ್ಷಣ ಒಬಿಡಿ-2 (ಎಲ್ಲ ಕಂಪನಿಗೂ ಒಂದೇ ಥರ ದೋಷ ಓದೋ ಪದ್ಧತಿ) ಅಂದ್ಕೋತೀವಿ, ಎಲ್ಲರೂ ಎಡವೋದು ಅಲ್ಲೇ. ಅಮೆರಿಕದಲ್ಲಿ ಒಬಿಡಿ-2 ಕಡ್ಡಾಯ ಆಗಿದ್ದು 1996ರ ಮಾದರಿಗಳಿಂದ. ಯುರೋಪಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ನಮ್ಮಲ್ಲಿ ಬಿಎಸ್-4 ಜೊತೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತ. ನಿಮ್ಮ ಗಾಡಿ ಬಂದಾಗ ಇಲ್ಲಿ ಆ ಕಾಯ್ದೆಯೇ ಇರಲಿಲ್ಲ. ಹಾಗಾಗಿ ಕಂಪನಿಗಳು ಸಾಕೆಟ್ ಒಂದೇ ಆಕಾರದ್ದು ಹಾಕಿದ್ರೂ ಒಳಗೆ ತಮ್ಮದೇ ಮಾತು ಇಟ್ಕೊಂಡ್ರು. ಆ ಕಾಲದ ಹಲವು ಸುಜುಕಿಗಳದ್ದು ಎಸ್‌ಡಿಎಲ್ ಅನ್ನೋ ಸ್ವಂತ ಪದ್ಧತಿ, 9ನೇ ಪಿನ್ನಲ್ಲಿ, 5 ವೋಲ್ಟಿನ ಮಟ್ಟದಲ್ಲಿ. ಇಎಲ್‌ಎಂ ಚಿಪ್‌ಗೆ ಅದು ಬರಲ್ಲ.

ಟಾರ್ಚ್ ಹಾಕಿ ಸಾಕೆಟ್ ಒಳಗೆ ನೋಡಿ. ಯಾವ್ಯಾವ ತೂತಲ್ಲಿ ಲೋಹ ಇದೆ ಬರ್ಕೊಳ್ಳಿ. 4 ಮತ್ತು 5 ಅರ್ಥ್, 16 ಬ್ಯಾಟರಿ ಪ್ಲಸ್. 7ರಲ್ಲಿ ಲೋಹ ಇದ್ರೆ ಕೆ-ಲೈನ್ (ಸ್ಕ್ಯಾನರ್ ಜೊತೆ ಮಾತಾಡೋ ಹಳೇ ಪದ್ಧತಿಯ ವೈರ್) ಇರಬಹುದು, ಆಗ ಸುಜುಕಿಗಂತಲೇ ಇರೋ ಎಸ್‌ಝಡ್ ವ್ಯೂವರ್ ಆ್ಯಪ್ ಇದೇ ಇಎಲ್‌ಎಂ ಜೊತೆ ಓದೋ ಸಾಧ್ಯತೆ ಇದೆ. 7 ಖಾಲಿ, 9 ತುಂಬಿದ್ರೆ ಎಸ್‌ಡಿಎಲ್. ಆಗ ಆ ಆ್ಯಪೂ ಕೆಲಸ ಮಾಡಲ್ಲ. 6 ಮತ್ತು 14 ಹೊಸ ಕಾರುಗಳ ಕ್ಯಾನ್ ಲೈನು, ನಿಮ್ಮ ಗಾಡೀಲಿ ಇರಲ್ಲ.

ಇಎಲ್‌ಎಂ327 ತಗೊಳ್ಳೋರಿಗೆ ಇನ್ನೊಂದು ಮಾತು. ಅದು ಮೂಲದಲ್ಲಿ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್. ಮೊದಲ ಆವೃತ್ತಿಗೆ ನಕಲು ತಡೆಯೋ ಬೀಗ ಹಾಕಿರಲಿಲ್ಲ, ಅಲ್ಲಿಂದ ನಕಲುಗಳು ಹುಟ್ಟಿದ್ವು. ಮೂಲ ಕಂಪನಿ 2022ರಲ್ಲಿ ಮುಚ್ಚಿತು. ಮಾರುಕಟ್ಟೇಲಿ 1.5 ಅಂತ ಸಿಗುತ್ತಲ್ಲ, ಆ ಸಂಖ್ಯೆಯ ಆವೃತ್ತಿಯನ್ನ ಎಲ್ಮ್ ಯಾವತ್ತೂ ಬಿಡುಗಡೆ ಮಾಡಿಲ್ಲ. 2.1 ಅಂತ ಬರೆದಿರೋ ಅಗ್ಗದವುಗಳಲ್ಲಿ ಅನೇಕವು ಹಳೆಯ ಪ್ರೋಟೋಕಾಲ್‌ಗಳನ್ನೇ (ಕಾರು ಮಾತಾಡೋ ಭಾಷೆಗಳನ್ನೇ) ಬಿಟ್ಟಿರ್ತವೆ. ಹೊಸ ಕಾರಿಗೆ ತೊಂದರೆ ಗೊತ್ತಾಗಲ್ಲ, ನಮ್ಮಂಥ ಹಳೇ ಗಾಡಿಯೋರಿಗೆ ಹೊಡೆತ ಬೀಳುತ್ತೆ.

ಹುಬ್ಬಳ್ಳಿ_ಪಾನಾ

ನಾ 26 ವರ್ಷದಿಂದ ಗ್ಯಾರೇಜ್ ನಡಸ್ಲಿಕತ್ತೇನ್ರಿ. ಎಸ್ಟೀಮ್, ಝೆನ್, ಎಂಪಿಎಫ್‌ಐ 800, ಜಿಪ್ಸಿ ಕಿಂಗ್ ಸಾಕಷ್ಟು ನೋಡೇನಿ. ನಿಮ್ಮ ಗಾಡಿಗೆ ಸ್ಕ್ಯಾನರ್ ಬ್ಯಾಡ್ರಿ. ಸ್ಕ್ಯಾನರ್ ಗಾಡಿ ಒಳಗ ಐತಿ, ಮೀಟರ್ ಬೋರ್ಡಿನ್ಯಾಗ. ಆ ಚೆಕ್ ಲೈಟ್ ಐತಲ್ರಿ, ಅದs ಕೋಡ್, ಅಂದ್ರ ತ್ರಾಸಿನ ನಂಬರ್ ಹೇಳ್ತೈತಿ.

ಸುಜುಕಿದಾಗ ಮಾನಿಟರ್ ಕಪ್ಲರ್ ಅಂತ ಒಂದ ಸಣ್ಣ ಕನೆಕ್ಟರ್ ಇರ್ತೈತಿ. ಅದರಾಗ ಡಯಾಗ್ನೋಸಿಸ್ ಸ್ವಿಚ್ ಟರ್ಮಿನಲ್ ಮತ್ತ ಅರ್ಥ್ ಟರ್ಮಿನಲ್ ಇರ್ತಾವ. ಎಲ್ಲಿ ಐತಿ ಅನ್ನೋದು ಮಾಡೆಲ್ ಮ್ಯಾಲ ಬದಲಾಗ್ತೈತಿ, ಅದಕ್ಕ ಸರ್ವಿಸ್ ಮ್ಯಾನ್ಯುವಲ್‌ನ್ಯಾಗಿನ ಚಿತ್ರ ನೋಡೇ ಹುಡುಕ್ರಿ. ವೈರಿನ ಬಣ್ಣ ನೋಡಿ ಅಂದಾಜಿಲೆ ಮಾಡಬ್ಯಾಡ್ರಿ. ಬ್ಯಾಟರಿ ಪ್ಲಸ್ಸಿಗೆ ತಾಗಿದ್ರ ಆಗ ಖರೇನ ಇಸಿಎಂ ಹೋಗ್ತೈತಿ.

ಎರಡೂ ಟರ್ಮಿನಲ್ ಸಣ್ಣ ವೈರಿಲೆ ಕೂಡಸ್ರಿ. ಕೀಲಿ ಆನ್ ಮಾಡ್ರಿ, ಎಂಜಿನ್ ಚಾಲೂ ಮಾಡಬ್ಯಾಡ್ರಿ. ಲೈಟ್ ಮಿಣುಕಲಿಕ್ಕೆ ಶುರು ಮಾಡ್ತೈತಿ. ಒಂದ ಸಲ ಮಿಣುಕಿ, ಸ್ವಲ್ಪ ನಿಂತು, ಎರಡ ಸಲ ಮಿಣುಕಿದ್ರ 12. ಅದು ಬಂದ್ರ ಏನೂ ತ್ರಾಸಿಲ್ಲ ಅಂತ. 13 ಅಂದ್ರ ಆಕ್ಸಿಜನ್ ಸೆನ್ಸರ್ ಕಡೆ. 14, 15 ಕೂಲಂಟ್ ಟೆಂಪರೇಚರ್. 21, 22 ಥ್ರಾಟಲ್ ಪೊಜಿಷನ್. 23, 25 ಒಳಗ ಬರೂ ಗಾಳಿಯ ಟೆಂಪರೇಚರ್. 31, 32 ಮ್ಯಾಪ್ ಸೆನ್ಸರ್, ಅಂದ್ರ ಮ್ಯಾನಿಫೋಲ್ಡಿನ ಒತ್ತಡ ಅಳಿಯೂದು. 41 ಇಗ್ನಿಷನ್ ಸಿಗ್ನಲ್. ಪೆನ್ನು ಹಾಳಿ ಹಿಡಕೊಂಡ ಕುಂದರ್ರಿ, ಒಂದೊಂದು ಕೋಡ್ ಮೂರ್ನಾಕ್ ಸಲ ಬರ್ತೈತಿ, ಬರಕೊಂಡು ಇಲ್ಲಿ ಹಾಕ್ರಿ. ಅಲ್ಲೀತನಕ ಯಾವ ಸಾಮಾನೂ ತಗೋಬ್ಯಾಡ್ರಿ.

ಮೈಸೂರು_ಲ್ಯಾನ್ಸರ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಿಣುಕು ಲೆಕ್ಕ ಹಾಕೋದ್ರಿಂದ ಕೋಡ್ ಸಿಗುತ್ತೆ ನಿಜ, ಲೈವ್ ಡೇಟಾ, ಅಂದ್ರೆ ಎಂಜಿನ್ ಓಡ್ತಿರುವಾಗ ಸೆನ್ಸರ್‌ಗಳ ಓದು, ಸಿಗಲ್ಲ. ಐಡ್ಲಿಂಗ್ ಏರಿಳಿಯೋ ಗಾಡೀಲಿ ಲೈವ್ ಡೇಟಾ ಇಲ್ಲದೆ ಕೆಲಸ ಮಾಡೋದು ಕತ್ತಲೆಯಲ್ಲಿ ಹುಡುಕಿದ ಹಾಗೆ. ನಾವು ಐದು ಜನ ಸೇರಿ ಹಳೇ ಮಲ್ಟಿ ಬ್ರ್ಯಾಂಡ್ ಸ್ಕ್ಯಾನರ್ ಒಂದನ್ನ 38,000ಕ್ಕೆ ತಗೊಂಡ್ವಿ. ತಲೆಗೆ ಎಂಟು ಸಾವಿರವೂ ಬೀಳಲಿಲ್ಲ. ಅದರಲ್ಲಿ ಹಳೇ ಮಾರುತಿ, ಹ್ಯುಂಡೈ, ಮಿತ್ಸುಬಿಷಿ ಎಲ್ಲ ಬರುತ್ತೆ. ತುಮಕೂರಲ್ಲೂ ನಾಲ್ಕು ಜನ ಸಿಗ್ತಾರೆ, ಯೋಚನೆ ಮಾಡಿ.

ಹುಬ್ಬಳ್ಳಿ_ಪಾನಾ

ಲ್ಯಾನ್ಸರ್ ಸಾಹೇಬ್ರ, ಲೈವ್ ಡೇಟಾ ಬೇಕು, ನಾನೂ ಒಪ್ತೇನಿ. ನನ್ನ ಗ್ಯಾರೇಜಿನ್ಯಾಗೂ ದೊಡ್ಡ ಸ್ಕ್ಯಾನರ್ ಐತಿ. ಆದ್ರ ಪೆಟ್ಟಿಗಿ ಮ್ಯಾಲ ಗಾಡಿ ಹೆಸರು ಬರದಾರ ಅಂದ್ರ ಅದು ಓದ್ತೈತಿ ಅಂತ ತಿಳೀಬ್ಯಾಡ್ರಿ. ನಾ ತಗೊಂಡ ಮೊದಲನೇ ಸ್ಕ್ಯಾನರ್‌ದಾಗ ಝೆನ್ ಅಂತ ಇತ್ತು, 2004ರ ಗಾಡಿ ಓದ್ತಿತ್ತು, 2000ದ್ದು ಓದ್ಲಿಲ್ಲ. ದುಡ್ಡ ಕೊಡೂ ಮೊದ್ಲ ನಿಮ್ಮ ಗಾಡಿಗೇ ಹಚ್ಚಿ ತೋರಸಂತ ಹೇಳ್ರಿ. ಹಚ್ಚಲಿಕ್ಕೆ ಒಲ್ಲೆ ಅಂದಾವನ ಕಡೆ ತಗೋಬ್ಯಾಡ್ರಿ.

ಮತ್ತ ಡಿಜಿಟಲ್ ಮಲ್ಟಿಮೀಟರೂ ಲೈವ್ ಡೇಟಾನೇ ತೋರಸ್ತೈತ್ರಿ. ಒಂದ ಸಲಕ್ಕ ಒಂದ ವೈರ್, ಅಷ್ಟs ಫರಕು.

ಕುಡ್ಲ_ಇ220

ಹುಬ್ಬಳ್ಳಿಯವರು ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸ್ತೇನೆ. ನನ್ನ ಹತ್ರ 1996ರ ಮರ್ಸಿಡಿಸ್ ಇ220 ಉಂಟು, ಡಬ್ಲ್ಯು124, ಪುಣೆಯಲ್ಲಿ ಜೋಡಿಸಿದ್ದು. ಇದರಲ್ಲಿ ಡಯಾಗ್ನೋಸಿಸ್ ಸಾಕೆಟ್ ಕಾರಿನ ಒಳಗೆ ಇಲ್ಲ. ಬಾನೆಟ್ ಕೆಳಗೆ 38 ಪಿನ್ನಿನ ದುಂಡು ಸಾಕೆಟ್, ಮೇಲೆ ತಿರುಗಿಸಿ ತೆಗೆಯುವ ಮುಚ್ಚಳ. ಇದಕ್ಕೆ ಕಂಪನಿಯ ಸಲಕರಣೆ ಅಂದರೆ ಲಕ್ಷದ ಮಾತು.

ನಾನು ಮಾಡಿಕೊಂಡದ್ದು ಇಷ್ಟೇ. ಒಂದು ಕೆಂಪು ಎಲ್‌ಇಡಿ, ಒಂದು ಕಿಲೋ ಓಮ್ ರೆಸಿಸ್ಟರ್, ಡೋರ್‌ಬೆಲ್ಲಿನ ಹಾಗೆ ಒತ್ತಿ ಬಿಡುವ ಒಂದು ಬಟನ್, ಮೂರು ವೈರ್. 1ನೇ ಪಿನ್ ಅರ್ಥ್, 3ನೇ ಪಿನ್ 12 ವೋಲ್ಟ್. ಎಂಜಿನಿನ ಸಿಗ್ನಲ್ ಪಿನ್ ಯಾವುದೆಂದು ನಿಮ್ಮ ಎಂಜಿನಿನ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. 12 ವೋಲ್ಟ್ ಮತ್ತು ಸಿಗ್ನಲ್ ಪಿನ್ನಿನ ನಡುವೆ ರೆಸಿಸ್ಟರ್ ಜೊತೆ ಎಲ್‌ಇಡಿ, ಸಿಗ್ನಲ್ ಮತ್ತು ಅರ್ಥಿನ ನಡುವೆ ಬಟನ್. ಕೀ ಆನ್ ಮಾಡಿ ಬಟನ್ ಮೂರು ಸೆಕೆಂಡ್ ಒತ್ತಿ ಬಿಟ್ಟರೆ ಎಲ್‌ಇಡಿ ಮಿನುಗಿ ಹೇಳ್ತದೆ. ಒಂದೇ ಸಲ ಮಿನುಗಿದರೆ ದೋಷ ಇಲ್ಲ. ಎಲ್ಲ ಸೇರಿ 60 ರೂಪಾಯಿ ಆಗಿರಬಹುದು. ಎಲ್‌ಇಡಿ ಬದಲು ಬಲ್ಬ್ ಮಾತ್ರ ಹಾಕಬೇಡಿ, ಬಲ್ಬ್ ಎಳೆಯುವ ಕರೆಂಟನ್ನು ಕಂಟ್ರೋಲ್ ಯೂನಿಟ್ ತಡೆದುಕೊಳ್ಳುವುದಿಲ್ಲ.

ಆದರೆ ನನಗೆ ಪಾಠ ಆದದ್ದು ನಂತರ. ಪ್ರತಿ ವಾರ ಬೇರೆ ಬೇರೆ ಸೆನ್ಸರಿನ ಕೋಡ್ ಬರ್ತಿತ್ತು. ಎರಡು ಸೆನ್ಸರ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ಒಂದು ದಿನ ವೈರಿಂಗಿನ ಮೇಲಿನ ಕಪ್ಪು ಕವಚ ಸೀಳಿ ನೋಡಿದರೆ, ಒಳಗಿನ ವೈರುಗಳ ಇನ್ಸುಲೇಷನ್ ಒಣ ಮಣ್ಣಿನ ಹಾಗೆ ಬೆರಳಿಗೇ ಉದುರ್ತದೆ! ತಾಮ್ರಕ್ಕೆ ತಾಮ್ರ ತಾಗಿ ನಿಂತಿದೆ. ತೊಂಬತ್ತರ ದಶಕದ ಮಧ್ಯದ ಮರ್ಸಿಡಿಸ್ ಎಂಜಿನ್ ವೈರಿಂಗಿನಲ್ಲಿ ಇದು ಹೆಸರಾದ ದೋಷ. ಬಿಸಿಗೆ ಆ ಇನ್ಸುಲೇಷನ್ ತಾಳುವುದಿಲ್ಲ. ಕೋಡ್ ಸುಳ್ಳು ಹೇಳಿರಲಿಲ್ಲ ಮಾರಾಯ್ರೆ. ಆ ಸೆನ್ಸರಿನಿಂದ ಬರುವ ಸಂಕೇತ ಸರಿ ಇಲ್ಲ ಅಂತ ಹೇಳಿತ್ತು. ಸೆನ್ಸರೇ ಹಾಳು ಅಂತ ಓದಿಕೊಂಡದ್ದು ನಾನು.

ತುಮಕೂರು_ಎಸ್ಟೀಮ್

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಪೂರ್ತಿ ಗಾಡಿ ಹತ್ರಾನೇ ಇದ್ದೆ.

ಸಾಕೆಟ್‌ನಲ್ಲಿ 7 ಖಾಲಿ. 9ರಲ್ಲಿ ಲೋಹ ಇದೆ. ಬಸವನಗುಡಿಯವರು ಹೇಳಿದ ಹಾಗೇನೇ.

ಮಾನಿಟರ್ ಕಪ್ಲರ್ ಮ್ಯಾನ್ಯುವಲ್ ಚಿತ್ರ ನೋಡಿ ಹುಡುಕಿದೆ. ಧೂಳು ಮೆತ್ತಿತ್ತು, ಮುಚ್ಚಳ ತೆಗೆದ್ರೆ ಒಳಗೆ ಟರ್ಮಿನಲ್‌ಗಳು ಹೊಸದರ ಹಾಗೆ ಹೊಳೀತಿವೆ. 25 ವರ್ಷದಲ್ಲಿ ಯಾರೂ ಮುಟ್ಟಿಲ್ಲ. ವೈರ್ ಹಾಕಿ ಕೀ ತಿರುಗಿಸಿದೆ. ಒಂದು ಮಿಣುಕು, ನಿಂತಿತು, ನಾಲ್ಕು ಮಿಣುಕು. ಮತ್ತೆ ಅದೇ. ಮತ್ತೆ ಅದೇ. 14. ಬೇರೆ ಏನೂ ಇಲ್ಲ, 13 ಬರ್ಲೇ ಇಲ್ಲ. ಅಪ್ಪ ಪಕ್ಕದ ಸೀಟಲ್ಲಿ ಕೂತು ಎಣಿಸ್ತಿದ್ರು. ಈ ಗಾಡಿ ಇಷ್ಟು ವರ್ಷ ಇದನ್ನ ಹೇಳೋಕೆ ಕಾಯ್ತಿತ್ತು ಅಂದ್ರು.

ಹಾಗಾದ್ರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಹೋಗಿದೆ ತಾನೇ? ಒರಿಜಿನಲ್ ಸಿಗುತ್ತೆ ಅಂದಿದ್ದಾರೆ, ನಾಳೆ ಆರ್ಡರ್ ಮಾಡಲಾ?

ಹುಬ್ಬಳ್ಳಿ_ಪಾನಾ

ತಡೀರಿ. ಕುಡ್ಲದ ಸಾಹೇಬ್ರು ಇಷ್ಟ ಉದ್ದಕ ಬರದದ್ದು ಇದಕ್ಕs ಅಲ್ಲೇನ್ರಿ? 14 ಅಂದ್ರ ಇಸಿಎಂಗೆ ಕಾಣೂದು ಭಾಳ ಥಂಡಿ, ಇಲ್ಲಾ ಸರ್ಕಿಟ್ ತೆರೆದೈತಿ. ಸೆನ್ಸರ್ ಹೋಗಿರಬಹುದು, ವೈರ್ ಕಡದಿರಬಹುದು, ಕಪ್ಲರ್ ತುಕ್ಕು ಹಿಡದಿರಬಹುದು. ಮೂರರಾಗ ಯಾವುದು ಅಂತ ಕೋಡ್ ಹೇಳೂದಿಲ್ಲ. ಮೀಟರ್ ಹೇಳ್ತೈತಿ.

ಸಾದಾ ಡಿಜಿಟಲ್ ಮಲ್ಟಿಮೀಟರ್ ತಗೋರಿ, ಐದುನೂರು ರೂಪಾಯಿ ಒಳಗಿಂದು ಸಾಕು. ಮುಳ್ಳಿನ ಹಳೇ ಮೀಟರ್ ಬ್ಯಾಡ, ಅದು ತಾನs ಕರೆಂಟ್ ಎಳದು ಸೆನ್ಸರ್ ಓದು ಕೆಡಸ್ತೈತಿ.

ಎಂಜಿನ್ ಥಂಡಿ ಇದ್ದಾಗ ಸೆನ್ಸರಿನ ಕಪ್ಲರ್ ಬಿಚ್ಚಿ ಸೆನ್ಸರಿನ ಎರಡ ಪಿನ್ನಿಗೆ ಓಮ್ ಹಿಡೀರಿ. 20 ಡಿಗ್ರಿದಾಗ ಸುಮಾರು ಎರಡೂವರಿ ಕಿಲೋ ಓಮ್. 80 ಡಿಗ್ರಿದಾಗ ಸುಮಾರು 320 ಓಮ್. ಬಿಸಿ ಏರಿದಂಗ ಓಮ್ ಇಳೀತೈತಿ. ಸೆನ್ಸರ್ ಸರಿ ಇದ್ರ ಕಪ್ಲರ್ ಹಾಕಿ, ಎಂಜಿನ್ ಪೂರ್ತಿ ಬಿಸಿ ಮಾಡಿ, ಇಸಿಎಂ ಕಡೆ ಅದೇ ವೈರಿನ ವೋಲ್ಟೇಜ್ ನೋಡ್ರಿ. ಬಿಸಿ ಎಂಜಿನ್ನಿಗೆ ಒಂದ್ ವೋಲ್ಟಿನ ಆಸುಪಾಸು, ಇಲ್ಲಾ ಅದಕ್ಕಿಂತ ಕಡಿಮಿ ಇರಬೇಕು. 3, 4 ಇದ್ರ ನಡುವ ಎಲ್ಲೋ ತ್ರಾಸ್ ಐತಿ.

ಪೆಟ್ರೋಲ್ ವಾಸನಿ ಯಾಕ ಬರ್ತೈತಿ ಅಂತನೂ ಹೇಳ್ತೇನಿ. ಕಾರ್ಬೊರೇಟರ್ ಗಾಡಿದಾಗ ಚೋಕ್ ಎಳದು ಬಿಟ್ರ ಹೆಂಗ? ಇದೂ ಹಂಗ. ಎಂಜಿನ್ ಬಿಸಿ ಆದ್ರೂ ಇಸಿಎಂ ಥಂಡಿ ಐತಿ ಅಂತ ತಿಳದು ಪೆಟ್ರೋಲ್ ಹೆಚ್ಚ ಕಳಸ್ತೈತಿ, ಆಕ್ಸಿಜನ್ ಸೆನ್ಸರಿನ ಮಾತು ಕೇಳೂದs ಇಲ್ಲ. ಅದಕ್ಕ ಹೊಸಾ ಆಕ್ಸಿಜನ್ ಸೆನ್ಸರ್ ಹಾಕಿದ್ರೂ ಏನೂ ಆಗ್ಲಿಲ್ಲ.

ಶಿವಮೊಗ್ಗ_ಪ್ಯಾಲಿಯೋ

ಈ ಚರ್ಚೆ ಓದ್ತಾ ಇದ್ದೆ, ಫಿಯೆಟ್ ಇಟ್ಕೊಂಡೋರಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ. ನನ್ನ ಪ್ಯಾಲಿಯೋ 1.6ಗೆ ಊರಲ್ಲಿ ಯಾರ ಸ್ಕ್ಯಾನರೂ ಹಿಡೀತಿರಲಿಲ್ಲ. ಆಮೇಲೆ ಗೊತ್ತಾಯ್ತು, ಫಿಯೆಟ್‌ಗೆ ಮಲ್ಟಿಇಸಿಯುಸ್ಕ್ಯಾನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಮೊದಲು ಫಿಯೆಟ್‌ಇಸಿಯುಸ್ಕ್ಯಾನ್ ಅಂತಿದ್ರು. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಉಚಿತ ಆವೃತ್ತಿಯಲ್ಲೇ ನಮಗೆ ಬೇಕಾದಷ್ಟು ಕೆಲಸ ಆಗುತ್ತೆ. ಅದರ ಜೊತೆ ಕೆ-ಲೈನ್ ಓದೋ ಕೆಕೆಎಲ್ ಯುಎಸ್‌ಬಿ ಕೇಬಲ್ ಬೇಕು, ನಾನು 750 ರೂಪಾಯಿಗೆ ತಗೊಂಡೆ. ಹಳೇ ಫಿಯೆಟ್‌ಗಳಲ್ಲಿ 16 ಪಿನ್ ಬದಲು ಮೂರೇ ಪಿನ್ನಿನ ಸಾಕೆಟ್ ಇರುತ್ತೆ, ಅದಕ್ಕೆ ಬೇರೆ ಅಡಾಪ್ಟರ್ ಸಿಗುತ್ತೆ. ಮೊದಲು ನಿಮ್ಮ ಸಾಕೆಟ್ ಯಾವುದು ನೋಡ್ಕೊಂಡು ತಗೊಳ್ಳಿ.

ಕೇಬಲ್ ತಗೊಳ್ಳುವಾಗ ಒಳಗಿನ ಚಿಪ್ ಯಾವುದು ಕೇಳಿ. ನನ್ನ ಮೊದಲ ಕೇಬಲ್ ಸಂಪರ್ಕ ಸಿಕ್ಕಿದ ಹಾಗೆ ಮಾಡಿ ಅರ್ಧದಲ್ಲಿ ಬಿಟ್ಟುಬಿಡ್ತಿತ್ತು. ಎಫ್‌ಟಿಡಿಐ ಚಿಪ್ ಇರೋದು ತಂದ ಮೇಲೆ ಒಂದು ಸಲಾನೂ ತಪ್ಪಿಲ್ಲ. ಥ್ರಾಟಲ್ ಸೆನ್ಸರಿನ ಗೆರೆ ಪರದೆ ಮೇಲೆ ಏರೋದನ್ನ ನೋಡ್ತಾ ಪೆಡಲ್ ಒತ್ತಿದಾಗ, ಮಧ್ಯದಲ್ಲಿ ಒಂದು ಕಡೆ ಗೆರೆ ಬಿದ್ದೇಳೋದು ಕಾಣಿಸ್ತು. ಎರಡು ವರ್ಷದಿಂದ ಪಿಕಪ್ ಜರ್ಕ್ ಹೊಡೀತಿದ್ದದ್ದು ಅದಕ್ಕೇ.

ಬಸವನಗುಡಿ_ಬೋರ್ಡ್

ಶಿವಮೊಗ್ಗದ ಮೇಡಂ ಹೇಳಿದ್ದು ಸರಿ. ಅದೇ ಕೇಬಲ್ ಹಳೇ ಫೋಕ್ಸ್‌ವ್ಯಾಗನ್, ಸ್ಕೋಡಾಗೂ ಆಗುತ್ತೆ, ಕೆ-ಲೈನ್ ಇರೋವರೆಗೆ.

ಎಲೆಕ್ಟ್ರಾನಿಕ್ಸ್ ಆಸಕ್ತಿ ಇರೋರಿಗೆ ಇನ್ನೊಂದು ಸಾಧನ ಹೇಳ್ತೀನಿ: ಡಿಎಸ್‌ಒ138 ಅನ್ನೋ ಅಂಗೈಯಷ್ಟಗಲದ ಆಸಿಲೋಸ್ಕೋಪ್ (ವೋಲ್ಟೇಜನ್ನ ಅಲೆಯಾಗಿ ಪರದೆ ಮೇಲೆ ತೋರಿಸೋ ಸಾಧನ) ಕಿಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದ್ರೆ ಸಿಗುತ್ತೆ. ವೇಗ ಕಡಿಮೆ, 200 ಕಿಲೋಹರ್ಟ್ಝ್ ಅಷ್ಟೆ. ಕಾರಿನ ಸೆನ್ಸರ್‌ಗಳಿಗೆ ಅದು ಧಾರಾಳ. ಮಲ್ಟಿಮೀಟರ್ ಸರಾಸರಿ ತೋರಿಸುತ್ತೆ, ಕ್ರ್ಯಾಂಕ್ ಸೆನ್ಸರ್ ನೂರರಲ್ಲಿ ಒಂದು ಸಲ ತಪ್ಪಿದ್ರೆ ಅದಕ್ಕೆ ಕಾಣಲ್ಲ. ಇದರಲ್ಲಿ ಅಲೆ ತುಂಡಾಗೋದು ಕಣ್ಣಿಗೇ ಕಾಣುತ್ತೆ. ಹಳೇ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯೋದನ್ನ ನೋಡೋದೇ ಒಂದು ಖುಷಿ. ಆದ್ರೆ ಇಂಜೆಕ್ಟರ್ ವೈರಿಗೆ, ಇಗ್ನಿಷನ್ ಕಾಯಿಲ್‌ಗೆ ನೇರವಾಗಿ ಹಿಡೀಬೇಡಿ. ಆಫ್ ಆಗೋ ಕ್ಷಣದಲ್ಲಿ ಅಲ್ಲಿ ಹುಟ್ಟೋ ವೋಲ್ಟೇಜ್ ಈ ಪುಟ್ಟ ಸ್ಕೋಪನ್ನ ಸುಡುತ್ತೆ.

ಸ್ಯಾನ್‌ಹೋಸೆ_240

ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ಊರು ಹಾಸನ. ನನ್ನ ಹತ್ರ 1990ರ ವೋಲ್ವೋ 240 ಇದೆ, ಇಂಜೆಕ್ಷನ್ ಪದ್ಧತಿ ಬಾಷ್ ಎಲ್‌ಎಚ್-ಜೆಟ್ರಾನಿಕ್ 2.4. ಇದರಲ್ಲಿ ಓದೋ ಸಾಧನವನ್ನ ಕಂಪನಿಯೇ ಬಾನೆಟ್ ಕೆಳಗೆ ಇಟ್ಟು ಕೊಟ್ಟಿದೆ. ಒಂದು ಪುಟ್ಟ ಕಪ್ಪು ಪೆಟ್ಟಿಗೆ, ಅದರ ಮೇಲೆ ಒಂದು ಎಲ್‌ಇಡಿ, ಒಂದು ಬಟನ್, ಬಾಲದ ಹಾಗೆ ಒಂದು ವೈರ್. ವೈರಿನ ತುದಿಯನ್ನ 2ನೇ ತೂತಿಗೆ ಹಾಕಿದ್ರೆ ಇಂಧನದ ಕೋಡ್, 6ನೇ ತೂತಿಗೆ ಹಾಕಿದ್ರೆ ಇಗ್ನಿಷನ್ ಕೋಡ್. 1-1-1 ಬಂದ್ರೆ ದೋಷ ಇಲ್ಲ. 1-2-1 ಏರ್ ಮಾಸ್ ಮೀಟರ್, 2-1-2 ಆಕ್ಸಿಜನ್ ಸೆನ್ಸರ್. ಇಂಥದ್ದು ಇದೆ ಅನ್ನೋದೇ ಇಲ್ಲಿ ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ, ಸುಮ್ಮನೆ ದುಡ್ಡು ಕೊಟ್ಟು ಓದಿಸ್ತಾರೆ.

ಇದಕ್ಕೂ ಹಿಂದಿನ ಗಾಡಿಗಳಿಗೆ ಕೋಡೇ ಇಲ್ಲ. 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂದ ಡಿ-ಜೆಟ್ರಾನಿಕ್ ಇಂಜೆಕ್ಷನ್‌ಗೆ ತನ್ನ ದೋಷ ತಾನೇ ಹೇಳೋ ಶಕ್ತಿ ಇರಲಿಲ್ಲ. ಆ ಕಾಲದ ಗಾಡಿಗೆ ಯಾವ ಸ್ಕ್ಯಾನರ್ ತಂದ್ರೂ ಏನೂ ಓದಲ್ಲ. ಮಲ್ಟಿಮೀಟರ್, ಫ್ಯೂಯೆಲ್ ಪ್ರೆಷರ್ ಗೇಜ್, ವ್ಯಾಕ್ಯೂಮ್ ಗೇಜ್ ಮೂರೇ ಆಸರೆ.

ಹಾಸನ_ಬಂಕ್

ನಮ್ಮೂರಿನವರು ಅಲ್ಲಿಂದ ಬರೆದಿದ್ದು ನೋಡಿ ಸಂತೋಷ ಆಯ್ತು. ನಾನು ಬಂಕ್ ಪಕ್ಕ ಎಮಿಷನ್ ಟೆಸ್ಟ್ ಸೆಂಟರ್ ನಡೆಸ್ತೀನಿ. ಯಾರೂ ಹೇಳದೇ ಇರೋ ಒಂದು ಸಾಧನ ಇದೆ, ಅದಕ್ಕೆ ನೀವು ಈಗಾಗ್ಲೇ ದುಡ್ಡು ಕೊಡ್ತಿದ್ದೀರಿ. ನಮ್ಮ ಗ್ಯಾಸ್ ಅನಲೈಸರ್.

ಜನ ಸರ್ಟಿಫಿಕೇಟ್ ತಗೊಂಡು ಮಡಚಿ ಡ್ಯಾಶ್‌ಬೋರ್ಡಿಗೆ ಸೇರಿಸ್ತಾರೆ, ಅದರಲ್ಲಿರೋ ಸಂಖ್ಯೆ ಓದಲ್ಲ. ಬಿಎಸ್-2 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.5 ಪರ್ಸೆಂಟ್, ಎಚ್‌ಸಿ (ಸುಡದೆ ಉಳಿದ ಹೈಡ್ರೋಕಾರ್ಬನ್) 750 ಪಿಪಿಎಂ ಮಿತಿ. ಸಿಒ ಜಾಸ್ತಿ ಬಂದ್ರೆ ಪೆಟ್ರೋಲ್ ಹೆಚ್ಚಾಗ್ತಿದೆ: ಕೂಲಂಟ್ ಸೆನ್ಸರ್, ಮ್ಯಾಪ್ ಸೆನ್ಸರ್, ಪ್ರೆಷರ್ ರೆಗ್ಯುಲೇಟರ್ ಕಡೆ ನೋಡಿ. ಸಿಒ ಕಡಿಮೆ ಇದ್ದು ಎಚ್‌ಸಿ ಮಾತ್ರ ಏರಿದ್ರೆ ಪೆಟ್ರೋಲ್ ಸುಡದೇ ಹೋಗ್ತಿದೆ: ಪ್ಲಗ್, ಪ್ಲಗ್ ವೈರ್, ಇಲ್ಲಾ ಎಲ್ಲೋ ಗಾಳಿ ಸೋರ್ತಿದೆ. ರಿಪೇರಿಗೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಅಳತೆ ಮಾಡಿಸಿ, ಗಾಡಿ ಪೂರ್ತಿ ಬಿಸಿ ಆದ ಮೇಲೆ. ರಿಪೇರಿ ನಿಜವಾಗ್ಲೂ ಆಯ್ತಾ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ನಿಮ್ಮ ಊರಿನ ಸೆಂಟರ್‌ನಲ್ಲಿ ವಿನಯವಾಗಿ ಕೇಳಿ, ಸರ್ಟಿಫಿಕೇಟ್ ಬೇಡ ಅಳತೆ ಸಾಕು ಅಂದ್ರೆ ಅನೇಕರು ತೋರಿಸ್ತಾರೆ.

ತುಮಕೂರು_ಎಸ್ಟೀಮ್

ಎಮಿಷನ್ ಸಲಹೆ ನನಗೆ ಹೊಳೆದೇ ಇರಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಅಳೆಸಿದೆ: ಸಿಒ 3.8.

ಆಮೇಲೆ ಮನೆಗೆ ಬಂದು ಎಂಜಿನ್ ತಣ್ಣಗಾಗೋಕೆ ಬಿಟ್ಟು, ಮಧ್ಯಾಹ್ನ ಮೀಟರ್ ಹಿಡಿದೆ. ಸೆನ್ಸರ್ 2.1 ಕಿಲೋ ಓಮ್. ಸ್ಟಾರ್ಟ್ ಮಾಡಿ ಫ್ಯಾನ್ ಎರಡು ಸಲ ಓಡೋವರೆಗೆ ಬಿಟ್ಟೆ, ಆಫ್ ಮಾಡಿ ತಕ್ಷಣ ನೋಡಿದೆ: 260 ಓಮ್. ಸೆನ್ಸರ್ ಸರಿ ಇದೆ!

ಕಪ್ಲರ್ ವಾಪಸ್ ಹಾಕಿ, ಇಸಿಎಂ ಕಡೆಯ ಕಪ್ಲರ್ ಹಿಂಭಾಗದಿಂದ ಗುಂಡುಸೂಜಿ ತೂರಿಸಿ ವೋಲ್ಟೇಜ್ ನೋಡಿದೆ. ವೈರಿನ ಸಿಪ್ಪೆ ಚುಚ್ಚಲಿಲ್ಲ, ಸೀಲಿನ ಪಕ್ಕದಲ್ಲೇ ಸೂಜಿ ಒಳಗೆ ಹೋಗುತ್ತೆ. ಬಿಸಿ ಎಂಜಿನ್, 3.1 ವೋಲ್ಟ್. ಅಪ್ಪನಿಗೆ ಮೀಟರ್ ನೋಡ್ತಿರಿ ಅಂತ ಹೇಳಿ ಬಾನೆಟ್ ಕೆಳಗೆ ಸೆನ್ಸರಿನ ಕಪ್ಲರನ್ನ ಬೆರಳಲ್ಲಿ ಸ್ವಲ್ಪ ಅಲುಗಾಡಿಸಿದೆ. ಅಪ್ಪ ಒಳಗಿಂದ ಓದಿ ಹೇಳ್ತಿದ್ರು: ‘ಮೂರು... ಒಂದೂವರೆ... ಮೂರು... ಐದು ಆಯ್ತು... ಮೂರು.’ ಐದು ಅಂದಾಗ ಚೆಕ್ ಲೈಟ್ ಹತ್ತಿತು.

ಕಪ್ಲರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಎರಡು ಟರ್ಮಿನಲ್‌ಗಳಲ್ಲಿ ಒಂದು ಹಿತ್ತಾಳೆ ಬಣ್ಣದಲ್ಲೇ ಇದೆ. ಇನ್ನೊಂದರ ಬಾಯಿ ಅಗಲಿದೆ, ಸುತ್ತ ಪಾಚಿಯ ಹಾಗೆ ಹಸಿರು. ರಬ್ಬರ್ ಸೀಲ್ ಒಂದು ಕಡೆ ಹರಿದಿತ್ತು. ಮೇಲೇ ರೇಡಿಯೇಟರ್ ಹೋಸ್‌ನ ಕ್ಲ್ಯಾಂಪ್ ಇದೆ, ಅಲ್ಲಿಂದ ಕೂಲಂಟ್ ಹನಿ ಹನಿಯಾಗಿ ಇಳಿದಿರೋ ಬಿಳೀ ಕಲೆ ಇದೆ.

ಹುಬ್ಬಳ್ಳಿ_ಪಾನಾ

ಶಾಬಾಸ್ ತಮ್ಮಾ. ಅಪ್ಪಾರಿಗೂ ನನ್ನ ನಮಸ್ಕಾರ ಹೇಳ್ರಿ. ಆ ಟರ್ಮಿನಲ್ ಉಜ್ಜಿ ಸ್ವಚ್ಛ ಮಾಡಿ ಬಿಡಬ್ಯಾಡ್ರಿ, ಮಳಿಗಾಲಕ್ಕ ಮತ್ತ ಬರ್ತೈತಿ. ಗುಜರಿದಾಗ ವೈರ್ ಸಮೇತ ಕಪ್ಲರ್ ಕತ್ತರಿಸಿ ಕೊಡ್ತಾರ, ಹಚ್ಚಿ ಬೆಸುಗಿ ಹಾಕ್ರಿ, ಮ್ಯಾಲ ಹೀಟ್ ಶ್ರಿಂಕ್ ಏರಸ್ರಿ. ಸುಮ್ಮ ತಿರುವಿ ಟೇಪ್ ಸುತ್ತಬ್ಯಾಡ್ರಿ. ಕ್ಲ್ಯಾಂಪ್ ಮೊದ್ಲ ಬದಲಸ್ರಿ, ಇಲ್ಲಂದ್ರ ಹೊಸಾ ಕಪ್ಲರಿನ ಮ್ಯಾಲೂ ಅದs ಹನಿ ಬೀಳ್ತೈತಿ.

ಬೆಸುಗಿ ಹಾಕೂ ಮೊದ್ಲ ಕೀಲಿ ತಗದು ಬ್ಯಾಟರಿ ನೆಗೆಟಿವ್ ಬಿಚ್ರಿ. ಎಂಜಿನ್ ಚಾಲೂ ಇದ್ದಾಗ ಎಂದೂ ಬ್ಯಾಟರಿ ವೈರ್ ತಗೀಬಾರದು. ಡೈನಮೋ ಗಾಡಿ ಕಾಲದ ಚಾಳಿ ಅದು, ಇಸಿಎಂ ಇರೂ ಗಾಡಿದಾಗ ವೋಲ್ಟೇಜ್ ಒಮ್ಮೆಲೆ ಜಿಗದು ಎಲ್ಲಾ ಸುಡ್ತೈತಿ.

ಮೈಸೂರು_ಲ್ಯಾನ್ಸರ್

ಒಪ್ಕೋತೀನಿ ಯಜಮಾನ್ರೇ. ನಮ್ಮ ಸ್ಕ್ಯಾನರ್ ಇದ್ದಿದ್ರೆ ಟೆಂಪರೇಚರ್ ಹತ್ತು ಡಿಗ್ರಿ ಅಂತ ತೋರಿಸಿರ್ತಿತ್ತು, ಬೇಗ ಗೊತ್ತಾಗಿರ್ತಿತ್ತು. ಆದ್ರೆ ಕಪ್ಲರ್ ಅಲುಗಾಡಿಸೋ ಕೈ ಹೇಗಿದ್ರೂ ಬೇಕಿತ್ತು. ತುಮಕೂರಿನವರು ಮೈಸೂರಿಗೆ ಬಂದ್ರೆ ಹೇಳಿ, ನಮ್ಮದಕ್ಕೆ ಹಾಕಿ ನೋಡೋಣ, ನಿಮ್ಮ ಎಸ್‌ಡಿಎಲ್ ಓದುತ್ತಾ ಅಂತ ನನಗೂ ತಿಳ್ಕೋಬೇಕು.

ದಾವಣಗೆರೆ_ಸಿಯಲೋ

ಇದೆಲ್ಲ ಓದಿ ಧೈರ್ಯ ಬಂತು. ನನ್ನದು 1997ರ ಡೇವೂ ಸಿಯಲೋ. ಕಂಪನಿಯೇ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ, ಓದೋರು ಯಾರೂ ಇಲ್ಲ. ಐಡ್ಲಿಂಗ್ 1,500ರ ಮೇಲೆ ನಿಲ್ಲುತ್ತೆ, ಚೆಕ್ ಲೈಟ್ ಇದೆ. ಇದಕ್ಕೂ ಮಿಣುಕು ಕೋಡ್ ಇದೆಯಾ?

ಬಸವನಗುಡಿ_ಬೋರ್ಡ್

ಇದೆ. ಸಿಯಲೋದ ಇಂಜೆಕ್ಷನ್ ಜನರಲ್ ಮೋಟಾರ್ಸ್ ಪದ್ಧತಿಯದ್ದು. 12 ಪಿನ್ನಿನ ಎಎಲ್‌ಡಿಎಲ್ ಅನ್ನೋ ಡಯಾಗ್ನೋಸಿಸ್ ಸಾಕೆಟ್ ಹುಡುಕಿ. ಎ ಅನ್ನೋದು ಅರ್ಥ್, ಬಿ ಅನ್ನೋದು ಕೋಡ್ ಕೇಳೋ ಪಿನ್. ಮೊದಲು ಮೀಟರ್‌ನಲ್ಲಿ ಎ ನಿಜವಾಗ್ಲೂ ಅರ್ಥ್ ಹೌದಾ ನೋಡಿ. ಆಮೇಲೆ ಎರಡನ್ನೂ ಸೇರಿಸಿ, ಕೀ ಆನ್, ಎಂಜಿನ್ ಆಫ್. ಮೊದಲು 12 ಮೂರು ಸಲ ಬರುತ್ತೆ. ಇಲ್ಲಿ 12 ಅಂದ್ರೆ ಎಂಜಿನ್ ತಿರುಗ್ತಿಲ್ಲ ಅಂತ ಅಷ್ಟೆ, ಅದು ಸಹಜ. ಆಮೇಲೆ ದೋಷ ಇದ್ರೆ ಪ್ರತಿ ಕೋಡೂ ಮೂರು ಮೂರು ಸಲ, ಕೊನೆಗೆ ಮತ್ತೆ 12.

ತುಮಕೂರು_ಎಸ್ಟೀಮ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಪ್ಲರ್ 150 ರೂಪಾಯಿಗೆ ಸಿಕ್ಕಿತು, ಕ್ಲ್ಯಾಂಪ್ 40. ಬೆಸುಗೆ ಹಾಕಿ, ಶ್ರಿಂಕ್ ಏರಿಸಿ, ಗಾಡಿ ಬಿಸಿ ಮಾಡಿ ನೋಡಿದೆ: 0.6 ವೋಲ್ಟ್, ಎಷ್ಟು ಅಲುಗಾಡಿಸಿದ್ರೂ ಜಗ್ಗಲಿಲ್ಲ. ಲೈಟ್ ಆರಿದೆ. ಕೋಡ್ ಕೇಳಿದ್ರೆ 12 ಮಾತ್ರ. ಅದೇ ಸೆಂಟರ್‌ಗೆ ಹೋಗಿ ಅಳೆಸಿದೆ, ಸಿಒ 0.2. ನಿನ್ನೆ ಶಿರಾಕ್ಕೆ ಹೋಗಿ ಬಂದೆ, ಮೈಲೇಜ್ ಇನ್ನೊಂದು ಟ್ಯಾಂಕ್ ಓಡಿದ ಮೇಲೆ ಬರೀತೀನಿ.

ದಾವಣಗೆರೆ_ಸಿಯಲೋ

12 ಮೂರು ಸಲ, 33 ಮೂರು ಸಲ, ಮತ್ತೆ 12. ಎರಡು ಬಾರಿ ಎಣಿಸಿದೆ. 33 ಮ್ಯಾಪ್ ಸೆನ್ಸರ್ ವೋಲ್ಟೇಜ್ ಹೆಚ್ಚು ಅಂತ ಓದಿದೆ. ಸೆನ್ಸರ್ ಆರ್ಡರ್ ಮಾಡಿಲ್ಲ. ಮೊದಲು ಏನು ನೋಡಲಿ?

ಹುಬ್ಬಳ್ಳಿ_ಪಾನಾ

ಮ್ಯಾಪ್ ಸೆನ್ಸರಿಗೆ ಹೋಗೂ ಸಣ್ಣ ವ್ಯಾಕ್ಯೂಮ್ ಹೋಸ್. ಎರಡೂ ತುದಿ ಬಿಚ್ಚಿ ಬಗ್ಗಿಸಿ ನೋಡ್ರಿ.

ದಾವಣಗೆರೆ_ಸಿಯಲೋ

ಮ್ಯಾನಿಫೋಲ್ಡ್ ಕಡೆ ತುದಿ ಸೀಳಿದೆ, ಬೆರಳುಗುರಿನಷ್ಟು ಉದ್ದ. ಬಗ್ಗಿಸಿದಾಗ ಮಾತ್ರ ಕಾಣುತ್ತೆ. ತುದಿ ಕತ್ತರಿಸಿ ಮತ್ತೆ ಹಾಕೋಷ್ಟು ಉದ್ದ ಇದೆ, ಈಗ ಬ್ಲೇಡ್ ತರ್ತಿದ್ದೀನಿ.